ಗದ್ದಕ್ಕೆ ಬೇಸ್ ಹಚ್ಚಿ ಕೇಳುವ ಗುಡುಸಾಬ

ಬೆಳಗಿನ ಐದೂಕಾಲು ಗಂಟೆ. ಗೋಕಾಕದ ಹಳೇ ಪೇಟೆಯ ಈ ಓಣಿಗೆ ಹಾಲಿನವನೂ ಇನ್ನೂ ಬಂದಿಲ್ಲ. ಸಾಲು ಅಂಗಡಿಗಳ ನಡುವೆ ಒಂದೇ ಒಂದು ಶಟರ್ ಸೊಂಟದೆತ್ತರಕ್ಕೆ ಎದ್ದಿದೆ. ಅದರ ಕೆಳಗಿನಿಂದ ಟ್ಯೂಬ್‌ಲೈಟಿನ ಬೆಳಕು ರಸ್ತೆಗೆ ಬಿದ್ದಿದೆ. ಬಗ್ಗಿ ಒಳಗೆ ಹೋದರೆ ಮೂರೂ ಗೋಡೆಗೆ ಅರಳೆಯ ಚೀಲಗಳು, ಸುತ್ತಿಟ್ಟ ಗಾದಿಗಳು, ತಲೆದಿಂಬುಗಳು. ನಡುವೆ ಹಾಸಿದ ಹೊಸ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ ಗುಡುಸಾಬ ನದಾಫ. ಅವರ ತೊಡೆಯ ಮೇಲೆ ಬಣ್ಣ ಮಾಸಿದ ಒಂದು ಕೆಂಪು ಬೇಸ್ ಗಿಟಾರು.

ಅವರು ಗಿಟಾರನ್ನು ಎತ್ತಿ ಅದರ ಮರದ ಅಂಚನ್ನು ಗದ್ದಕ್ಕೆ ಒತ್ತಿಕೊಳ್ಳುತ್ತಾರೆ. ಕಣ್ಣು ಮುಚ್ಚಿ, ಎಲ್ಲಕ್ಕಿಂತ ದಪ್ಪ ತಂತಿಯನ್ನು ಹೆಬ್ಬೆರಳಿನಿಂದ ಮೀಟುತ್ತಾರೆ. ಸ್ಪೀಕರಿಗೆ ವೈರು ಹಚ್ಚಿಲ್ಲ. ಎರಡು ಮೊಳ ದೂರ ಕೂತ ನನಗೆ ಸಣ್ಣಗೆ ಗುಂಯ್ ಅನ್ನುವುದಷ್ಟೇ ಕೇಳುತ್ತದೆ. ಗಿಟಾರಿನ ಕತ್ತಿನ ಮೇಲೆ ಉದ್ದಕ್ಕೂ ಸಣ್ಣ ಲೋಹದ ಪಟ್ಟಿಗಳು ಕೂತಿವೆ. ಎಡಗೈಯ ಬೆರಳನ್ನು ಒಂದೊಂದೇ ಪಟ್ಟಿ ಮುಂದೆ ಸರಿಸುತ್ತ, ಪ್ರತಿ ಪಟ್ಟಿಗೂ ಒಮ್ಮೆ ಮೀಟಿ, ದನಿ ಅಡಗುವ ತನಕ ಕಾಯುತ್ತಾರೆ. ಏಳನೆಯದಕ್ಕೆ ಬಂದಾಗ ಹುಬ್ಬು ಗಂಟಾಗುತ್ತದೆ. ಕಿವಿಯ ಸಂದಿನಿಂದ ಪೆನ್ಸಿಲ್ ತೆಗೆದು ಅಲ್ಲೊಂದು ಗೀಟು ಎಳೆಯುತ್ತಾರೆ.

“ಬಲಗಿವಿ ಪೂರಾ ಹೋಗೇತ್ರಿ. ಎಡಗಿವಿ ಅರ್ಧಮರ್ಧ. ಸಣ್ಣ ದನಿ ಯಾವುದೂ ಬರಂಗಿಲ್ಲ. ಆದ್ರ ತಂತಿ ಎಲ್ಲೆರೆ ಪಟ್ಟಿಗೆ ಬಡೀತಂದ್ರ ಗದ್ದದ ಎಲುಬಿಗೆ ಗೊತ್ತಾಗತೈತಿ. ಹಲ್ಲು ಜುಂ ಅಂತಾವು” ಎನ್ನುತ್ತ ಸಣ್ಣ ಕಾನಸು, ಅಂದರೆ ಅರ, ಹುಡುಕಿ ತೆಗೆದು, ಏಳನೆಯ ಪಟ್ಟಿಯನ್ನು ಉಗುರಿಗೆ ಉಜ್ಜಿದಷ್ಟು ಹಗುರಾಗಿ ಉಜ್ಜತೊಡಗುತ್ತಾರೆ.

ನಾನು ಈ ಅಂಗಡಿಗೆ ಮೊದಲ ಸಲ ಬಂದದ್ದು ಮನೆಯ ಹಳೆಯ ಗಾದಿಯ ಅರಳೆ ಹಿಂಜಿಸಲು. ತೂಕ ಮಾಡಿಸಿ ನಿಂತಾಗ ತಲೆದಿಂಬಿನ ರಾಶಿಯ ಹಿಂದೆ ನಾಲ್ಕು ಗಿಟಾರಿನ ತಲೆಗಳು ಕಂಡವು. ಯಾರವು ಎಂದು ಕೇಳಿದೆ. “ನನ್ನವ. ಮಾರಾಕ ಇಟ್ಟೇನಿ” ಎಂದರು. ಗಾದಿ ಮರೆತು ಅಲ್ಲೇ ಒಂದು ತಾಸು ಕೂತೆ. ಅದಾದ ಮೇಲೆ ಮೂರು ಸಲ ಬಂದಿದ್ದೇನೆ. ಬಂದಾಗಲೆಲ್ಲ ಅವರ ಎಡಕ್ಕೆ ಕೂತು, ಸ್ವಲ್ಪ ಜೋರಾಗಿ ಮಾತಾಡುವುದು ಈಗ ರೂಢಿಯಾಗಿದೆ.

ಐವತ್ತೇಳು ವರ್ಷದ ಗುಡುಸಾಬರದು ಅರಳೆ ಹಿಂಜುವ ಮನೆತನ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಅವರು ಗಾದಿ ಮಾಡುತ್ತಾರೆ. ಅದಕ್ಕೂ ಮೊದಲು, ನಸುಕಿನ ಎರಡು ಎರಡೂವರೆ ತಾಸು ಹಳೆಯ ಬೇಸ್ ಗಿಟಾರುಗಳಿಗೆ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ತಾಲ್ಲೂಕುಗಳಲ್ಲಿ ಬೇಸ್ ಗಿಟಾರು ಕೊಳ್ಳುವವರು, ಮಾರುವವರು, ಕೆಟ್ಟದ್ದನ್ನು ರಿಪೇರಿ ಮಾಡಿಸುವವರು ಹುಡುಕಿಕೊಂಡು ಬರುವುದು ಈ ಗಾದಿ ಅಂಗಡಿಗೇ. ತಿಂಗಳಿಗೆ ಒಂದು, ಹೆಚ್ಚೆಂದರೆ ಎರಡು ಗಿಟಾರು ಇಲ್ಲಿಂದ ಹೊರಗೆ ಹೋಗುತ್ತವೆ. ಇಷ್ಟು ವರ್ಷದಲ್ಲಿ ನೂರಾ ಎಂಬತ್ತು ದಾಟಿರಬಹುದು ಎಂಬುದು ಅವರ ಅಂದಾಜು.

ನಸುಕಿನಲ್ಲೇ ಯಾಕೆ ಕೂರುತ್ತೀರಿ ಎಂದು ಕೇಳಿದ್ದೆ. ಒಂಬತ್ತಕ್ಕೆ ಅರಳೆ ಮಷಿನ್ ಸುರುವಾದರೆ ಮೈಯೆಲ್ಲ ನಡುಗುತ್ತದಂತೆ, ಆಮೇಲೆ ಗದ್ದಕ್ಕೆ ಏನೂ ತಿಳಿಯುವುದಿಲ್ಲವಂತೆ. ಹಂಗಾಮಿನಲ್ಲಂತೂ ಏಳು ಗಂಟೆಗೇ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಓಣಿಯ ತುದಿಯ ರಸ್ತೆಗೆ ಬರುತ್ತವೆ. “ಅವರ ಹಾಡು ಕೇಳಂಗಿಲ್ಲರಿ ನನಗ. ಆದ್ರ ಅದರ ನಡುಕ ನೆಲ ಹಿಡದು ಬರತೈತಲ್ಲ, ಅದು ತ್ರಾಸ ಕೊಡತೈತಿ.”

ಬೇಸ್ ಗಿಟಾರಿನ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. ಮಾಮೂಲಿ ಗಿಟಾರಿಗೆ ಆರು ತಂತಿ, ಇದಕ್ಕೆ ನಾಲ್ಕು. ಆದರೆ ಒಂದೊಂದೂ ಹೆಣಿಗೆ ಕಡ್ಡಿಯಷ್ಟು ದಪ್ಪ. ಇದು ಹಾಡಿನ ಧಾಟಿಯನ್ನು ನುಡಿಸುವುದಿಲ್ಲ. ಡ್ರಮ್ಮಿನ ಜೊತೆ ಸೇರಿ ಹಾಡಿನ ಕೆಳಗೆ ನೆಲ ಹಾಸುತ್ತದೆ. ವೇದಿಕೆಯ ಮೇಲೆ ಬೇಸ್ ನುಡಿಸುವವ ನಿಲ್ಲುವುದು ಎಲ್ಲರ ಹಿಂದೆ. ಕಾರ್ಯಕ್ರಮದ ಪಾಂಪ್ಲೆಟ್ಟಿನಲ್ಲಿ ಅವನ ಫೋಟೋ ಇರುವುದಿಲ್ಲ.

ಗುಡುಸಾಬರು ಹದಿನೇಳು ವರ್ಷ ಹೀಗೆ ಹಿಂದೆ ನಿಂತವರು. ೧೯೮೯ರಲ್ಲಿ ಊರಿನ ಆರ್ಕೆಸ್ಟ್ರಾ ಒಂದಕ್ಕೆ ಅವರು ಕುರ್ಚಿ, ಜಮಖಾನೆ ಹಾಕುವ ಕೆಲಸಕ್ಕೆ ಹೋಗುತ್ತಿದ್ದರು. ಗಣಪತಿ ಹಬ್ಬದ ಒಂದು ಕಾರ್ಯಕ್ರಮಕ್ಕೆ ಬೆಳಗಾವಿಯಿಂದ ಬರಬೇಕಾದ ಬೇಸ್‌ನವ ಬರಲಿಲ್ಲ. ರಿಹರ್ಸಲ್ಲಿನಲ್ಲಿ ದಿನಾ ಅವನ ಕೈ ನೋಡುತ್ತ ಕೂರುತ್ತಿದ್ದ ಇಪ್ಪತ್ತೊಂದರ ಹುಡುಗ ಧೈರ್ಯ ಮಾಡಿ, ನಾನು ಹಿಡೀಲೇನು ಎಂದು ಕೇಳಿದ. ಮಾಲೀಕರಿಗೆ ಬೇರೆ ದಾರಿ ಇರಲಿಲ್ಲ. ಅವತ್ತು ನಾಲ್ಕು ಹಾಡಿಗೆ ಬಾರಿಸಿದರಂತೆ, ಎರಡು ತಪ್ಪಿದವಂತೆ. ಆದರೂ ಯಾರೂ ತಿರುಗಿ ನೋಡಲಿಲ್ಲ. ಮುಂದಿನ ವಾರದಿಂದ ಕುರ್ಚಿ ಹಾಕುವ ಕೆಲಸಕ್ಕೆ ಬೇರೆಯವ ಬಂದ.

ಆಮೇಲಿನದು ಆರ್ಕೆಸ್ಟ್ರಾ ನೋಡಿದವರೆಲ್ಲರಿಗೂ ಗೊತ್ತಿರುವ ಸಂಗತಿ. ಕೀಬೋರ್ಡು ಬಂದಮೇಲೆ ಅದನ್ನು ನುಡಿಸುವವನ ಎಡಗೈ ಬೇಸಿನ ಕೆಲಸವನ್ನೂ ಮಾಡತೊಡಗಿತು. ನಂತರ ಪೆನ್‌ಡ್ರೈವ್ ಬಂತು. ಎಲ್ಲ ವಾದ್ಯವೂ ಅದರಲ್ಲೇ ತುಂಬಿ ಬಂದು, ವೇದಿಕೆಯ ಮೇಲೆ ಹಾಡುವವರಷ್ಟೇ ಉಳಿದರು. ೨೦೦೬ರಲ್ಲಿ ಗುಡುಸಾಬರ ಆರ್ಕೆಸ್ಟ್ರಾ ಮುಚ್ಚಿತು. ಅವರು ಅಪ್ಪನ ಗಾದಿ ಅಂಗಡಿಗೆ ಬಂದು ಕೂತರು. ಬೇಜಾರಾಗಲಿಲ್ಲವೇ ಎಂದರೆ, “ಆತ್ರಿ. ಆದ್ರ ಹೊಟ್ಟಿಗೆ ಗಾದಿ ಇತ್ತಲ್ಲ. ಎಷ್ಟೋ ಮಂದಿ ಬಾರಸವ್ರಿಗೆ ಅದೂ ಇದ್ದಿದ್ದಿಲ್ಲ” ಎನ್ನುತ್ತಾರೆ.

ಹಳೆಯ ಬೇಸ್‌ಗಳ ವ್ಯಾಪಾರ ಸುರುವಾದದ್ದು ಬೆಲ್ಲದ ಬಾಗೇವಾಡಿಯಿಂದ. ಅಲ್ಲಿಯ ರೈತ ವೀರಪ್ಪ ಒಂದು ಕಾಲಕ್ಕೆ ಹುಕ್ಕೇರಿ ಕಡೆಯ ಆರ್ಕೆಸ್ಟ್ರಾಗಳಲ್ಲಿ ಹೆಸರು ಮಾಡಿದ ಬೇಸ್ ವಾದಕರು. ಗುಡುಸಾಬರಿಗಿಂತ ಹದಿನೈದು ವರ್ಷ ದೊಡ್ಡವರು. ೨೦೦೯ರಲ್ಲಿ ಅವರ ಮನೆಗೆ ಮದುವೆಯ ಗಾದಿ ಮುಟ್ಟಿಸಲು ಹೋದಾಗ, ಗೊಬ್ಬರದ ಚೀಲ ಇಡುವ ಪತ್ರಾಸ್ ತಗಡಿನ ಶೆಡ್ಡಿನಲ್ಲಿ ಮೊಳೆಗೆ ತೂಗುಹಾಕಿದ ಬೇಸ್ ಗಿಟಾರು ಗುಡುಸಾಬರ ಕಣ್ಣಿಗೆ ಬಿತ್ತು. ಇಲಿಗಳು ಒಳಗಿನ ವೈರು ಕಡಿದಿದ್ದವು. ಕತ್ತು ಬಿಲ್ಲಿನ ಹಾಗೆ ಬಾಗಿತ್ತು. ವೀರಪ್ಪನವರ ಬೆರಳುಗಳು ಸೆಟೆದು ಆಗಲೇ ಆರು ವರ್ಷವಾಗಿತ್ತು. ಗುಡುಸಾಬರು ಗಾದಿಯ ಅರ್ಧ ಹಣ ಬಿಟ್ಟು ಗಿಟಾರು ಕೇಳಿದರು. ವೀರಪ್ಪ ಕೊಟ್ಟರು. ಕೌದಿಯಲ್ಲಿ ಸುತ್ತಿ, ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ಬಸ್ಸಿನಲ್ಲಿ ತಂದರಂತೆ.

ತಂದ ಮರುದಿನವೇ ಅದನ್ನು ಮುರಿದರು.

ಬೇಸ್ ಗಿಟಾರಿನ ಕತ್ತಿನೊಳಗೆ ಉದ್ದಕ್ಕೂ ಒಂದು ಉಕ್ಕಿನ ಸರಳು ಇರುತ್ತದೆ. ನಾಲ್ಕು ದಪ್ಪ ತಂತಿಗಳ ಎಳೆತಕ್ಕೆ ಕತ್ತು ಬಾಗದಂತೆ ಅದು ಹಿಡಿದಿಡುತ್ತದೆ. ತುದಿಯ ನಟ್ಟು ತಿರುಗಿಸಿದರೆ ಬಾಗಿದ ಕತ್ತು ನೇರವಾಗುತ್ತದೆ ಎಂದು ಗುಡುಸಾಬರಿಗೆ ಗೊತ್ತಿತ್ತು. ಎಷ್ಟು ತಿರುಗಿಸಬೇಕು ಎಂದು ಗೊತ್ತಿರಲಿಲ್ಲ. ಒಂದೇ ಸಲಕ್ಕೆ ನೆಟ್ಟಗೆ ಮಾಡಲು ಹೋಗಿ ಸರಳು ಒಳಗೇ ತುಂಡಾಯಿತು, ಮರವೂ ಸೀಳಿತು. ಆ ಸದ್ದು ನೆನೆದು ಅವರು ಈಗಲೂ ತಲೆ ಅಲ್ಲಾಡಿಸುತ್ತಾರೆ. ಮಾರನೆಯ ದಿನ ಘಟಪ್ರಭಾದಿಂದ ಪ್ಯಾಸೆಂಜರ್ ಹತ್ತಿ ಮಿರಜಕ್ಕೆ ಹೋದರು. ಸಿತಾರು ಮಾಡುವವರ ಊರು ಅದು. ಮೂರು ಅಂಗಡಿಯವರು ವಿಲಾಯಿತಿ ವಾದ್ಯ ನಾವು ಮುಟ್ಟುವುದಿಲ್ಲ ಎಂದರು. ನಾಲ್ಕನೆಯ ಅಂಗಡಿಯಲ್ಲಿ ಕೂತಿದ್ದ ಮುದುಕ ಕಾರೀಗರರೊಬ್ಬರು ಸೀಳಿದ ಕತ್ತನ್ನು ಬಹಳ ಹೊತ್ತು ತಿರುಗಿಸಿ ನೋಡಿ, ಮರ ಯಾವುದಾದರೇನು, ಬಾ ಕೂತ್ಕೋ ಎಂದರು.

ಆ ಕಾರೀಗರರ ಹತ್ತಿರ ಗುಡುಸಾಬರು ಏಳು ತಿಂಗಳು ಪ್ರತಿ ಸೋಮವಾರ ಹೋದರು. ಸೋಮವಾರ ಅಂಗಡಿಗೆ ಸೂಟಿ. ಸೀಳು ಬಿಟ್ಟ ಮರಕ್ಕೆ ಅಂಟು ಕುಡಿಸುವುದು, ಹೊಸ ಸರಳು ಕೂರಿಸುವುದು, ಲೋಹದ ಪಟ್ಟಿಗಳನ್ನು ಒಂದೇ ಮಟ್ಟಕ್ಕೆ ತರುವುದು, ಎಲ್ಲ ಕಲಿತದ್ದು ಅಲ್ಲೇ. ಎಲ್ಲಕ್ಕಿಂತ ದೊಡ್ಡದಾಗಿ ಕಲಿತದ್ದು ಕಾಯುವುದು. “ಕಾಲು ಸುತ್ತು ತಿರಗಸು, ಒಂದಿನಾ ಬಿಡು. ಮತ್ತ ಕಾಲು ಸುತ್ತು, ಮತ್ತ ಒಂದಿನಾ. ಮರಕ್ಕ ನೀ ಹೇಳಿದ್ದು ತಿಳಿಯಾಕ ವ್ಯಾಳೆ ಬೇಕು ಅಂತಿದ್ರು ಅವ್ರು. ನಾ ಈಗೂ ಹಂಗ ಮಾಡ್ತೇನಿ. ಅರ್ಜೆಂಟ್ ಅಂದವ್ರಿಗೆ ಬ್ಯಾರೆ ಕಡೆ ಹೋಗ್ರಿ ಅಂತೇನಿ. ಬ್ಯಾರೆ ಕಡೆ ಯಾವುದೂ ಇಲ್ಲ, ಅದಕ್ಕ ಕಾಯ್ತಾರ” ಎಂದು ನಗುತ್ತಾರೆ.

ಸರಿಯಾದ ಬೇಸನ್ನು ಅವರು ಮೊದಲು ತೆಗೆದುಕೊಂಡು ಹೋದದ್ದು ಬೆಲ್ಲದ ಬಾಗೇವಾಡಿಗೆ. ವೀರಪ್ಪನವರಿಗೆ ತೋರಿಸದೆ ಮಾರುವುದು ಸರಿಯಲ್ಲ ಅನ್ನಿಸಿತಂತೆ. ವೀರಪ್ಪ ಅದನ್ನು ತೊಡೆಯ ಮೇಲಿಟ್ಟು ಸೆಟೆದ ಬೆರಳಿನಿಂದಲೇ ಎರಡು ತಂತಿ ಮೀಟಿದರು. ವಾಪಸ್ ಬೇಕಾದರೆ ಇಟ್ಟುಕೊಳ್ಳಿ ಎಂದು ಗುಡುಸಾಬರು ಹೇಳಿದರು. ವೀರಪ್ಪ ಒಪ್ಪಲಿಲ್ಲ. “ನನ್ನ ಕಡೆ ಇದ್ರ ಮತ್ತ ಮೊಳಿಗೇ ಹೋಗತೈತಿ, ಸಾಬರ. ವಾರಕ್ಕ ಎರಡು ಸಲರೆ ಬಾರಸವ್ನಿಗೆ ಕೊಡ್ರಿ” ಎಂದರು.

ಅಂದಿನಿಂದ ಗುಡುಸಾಬರು ಕೊಳ್ಳಲು ಬಂದ ಪ್ರತಿಯೊಬ್ಬರಿಗೂ ಮೊದಲು ಕೇಳುವ ಪ್ರಶ್ನೆ ಅದೇ: ವಾರಕ್ಕೆ ಎಷ್ಟು ಸಲ ಬಾರಿಸುತ್ತೀರಿ? ಹೋದ ವರ್ಷ ಹೈವೇ ಮೇಲಿನ ಹೋಟೆಲೊಂದರ ಮಾಲೀಕರು ಕಾರಿನಲ್ಲಿ ಬಂದು, ಗೋಡೆಗೆ ತೂಗುಹಾಕಲು ಚೆಂದದ್ದು ಒಂದು ಬೇಕು, ಎಷ್ಟಾದರೂ ಕೊಡುತ್ತೇನೆ ಎಂದರಂತೆ. ಗುಡುಸಾಬರು ಅವರಿಗೆ ಎರಡು ಒಳ್ಳೆಯ ತಲೆದಿಂಬು ಮಾರಿ ಕಳಿಸಿದರು.

ಬೇಸ್‌ಗಳು ಎಲ್ಲೆಲ್ಲಿಂದಲೋ ಬರುತ್ತವೆ. ಗೋವಾದ ಹೋಟೆಲುಗಳಲ್ಲಿ ಬಾರಿಸುವವರು ಹೊಸದು ಕೊಂಡಾಗ ಹಳೆಯದನ್ನು ಬಸ್ಸಿನ ಪಾರ್ಸೆಲ್ಲಿಗೆ ಹಾಕುತ್ತಾರೆ. ಗೋಕಾಕ ಫಾಲ್ಸ್ ಕಡೆಯ ಚರ್ಚಿನ ಹಾಡುಗಾರರು ತರುತ್ತಾರೆ. ಹಳ್ಳಿಗಳಲ್ಲಿ ಇವರೇ ಕೇಳಿಕೊಂಡು ಹೋಗುತ್ತಾರೆ. ಮುಚ್ಚಿದ ಆರ್ಕೆಸ್ಟ್ರಾಗಳ ಬೇಸ್ ಯಾವ ಮನೆಯ ಅಟ್ಟದಲ್ಲಿ ಇರಬಹುದೆಂಬ ಲೆಕ್ಕ ಅವರ ತಲೆಯಲ್ಲಿದೆ. ಕುಲಗೋಡದಲ್ಲಿ ಒಂದು ಸಿಕ್ಕಿತ್ತಂತೆ, ತಂತಿ ಮಾತ್ರ ಇರಲಿಲ್ಲ. ವಿಚಾರಿಸಿದರೆ ಹೊಲದ ಬೇಲಿಯ ಗೇಟು ಕಟ್ಟಲು ಅದೇ ಬೇಕಾಗಿತ್ತು ಎಂದರು. ನಾಲ್ಕು ವರ್ಷವಾದರೂ ಗೇಟು ಬಿದ್ದಿಲ್ಲ ಎಂದು ಮನೆಯ ಯಜಮಾನರು ಹೆಮ್ಮೆಯಿಂದ ತೋರಿಸಿದರಂತೆ.

ಯಾವುದು ಎಲ್ಲಿಂದ ಬಂದಿದೆ ಎಂದು ಅವರು ಮುಟ್ಟಿದೊಡನೆ ಹೇಳುತ್ತಾರೆ. ಗೋವಾದ್ದರ ಸ್ಕ್ರೂಗಳನ್ನು ಸಮುದ್ರದ ಉಪ್ಪುಗಾಳಿ ತಿಂದಿರುತ್ತದೆ. ಚರ್ಚಿನದು ಕನ್ನಡಿಯಷ್ಟು ಸ್ವಚ್ಛ, ಆದರೆ ತಂತಿ ಹತ್ತು ವರ್ಷದ್ದು. ಆರ್ಕೆಸ್ಟ್ರಾದವರದರ ತಲೆಯ ಹತ್ತಿರ ಸಿಗರೇಟು ಸಿಕ್ಕಿಸಿಟ್ಟ ಸುಟ್ಟ ಕಲೆ ಇರುತ್ತದೆ. ಹಳ್ಳಿಯ ಬೇಸ್‌ಗಳ ಮೈಮೇಲೆ ದಸರೆಯ ಖಂಡೇಪೂಜೆಯ ವಿಭೂತಿ, ಕುಂಕುಮ ಮೆತ್ತಿಕೊಂಡಿರುತ್ತವೆ. ದನಿ ಹಿಡಿಯುವ ಅಯಸ್ಕಾಂತದ ಸಂದಿಯಲ್ಲಿ ಕೂತ ವಿಭೂತಿಯನ್ನು ಅವರು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯುತ್ತಾರೆ. ತಲೆಯ ಹಿಂಬದಿಗೆ ಹಚ್ಚಿದ ಮೂರು ಗೆರೆಗಳನ್ನು ಹಾಗೇ ಬಿಡುತ್ತಾರೆ. “ಅದು ದನಿಗೇನೂ ಅಡ್ಡ ಬರಂಗಿಲ್ಲರಿ. ಯಾರೋ ಭಕ್ತಿಯಿಂದ ಹಚ್ಚಿರತಾರ, ನಾ ಯಾಕ ಅಳಸ್ಲಿ?”

ಮನೆ ಅಂಗಡಿಯ ಹಿಂದೆಯೇ. ಅಡುಗೆಮನೆಯ ಮೂಲೆಯಲ್ಲಿ ಕಪ್ಪಾದ ಒಂದು ಅಲ್ಯುಮಿನಿಯಂ ಬೋಗುಣಿ ಇದೆ. ಅದರಲ್ಲಿ ಬೇಯುವುದು ತಂತಿ. ಹೊಸ ಬೇಸ್ ತಂತಿಯ ಬೆಲೆ ಕೇಳಿದರೆ ಬಾರಿಸುವ ಆಸೆಯೇ ಹೋಗುತ್ತದೆ. ಆದ್ದರಿಂದ ಹಳೆಯ ತಂತಿಗಳನ್ನು ಕುದಿವ ನೀರಿನಲ್ಲಿ ಹತ್ತು ನಿಮಿಷ ಹಾಕಿ, ಸುತ್ತಿನ ನಡುವೆ ಕೂತ ಕೈಜಿಡ್ಡು ಬಿಡಿಸಿ, ಒರೆಸಿ ಒಣಗಿಸಿ ಮತ್ತೆ ಹಚ್ಚುತ್ತಾರೆ. ಮೊದಲ ಸಲ ಅವರು ಇದನ್ನು ಮಾಡಿದ್ದು ಹೆಂಡತಿ ಜರೀನಾಬಿಯವರ ಸಾರಿನ ಪಾತ್ರೆಯಲ್ಲಿ. ಆ ದಿನದ ಮಾತುಕತೆಯನ್ನು ಇಬ್ಬರೂ ನನಗೆ ಹೇಳಲು ಒಪ್ಪಲಿಲ್ಲ. ಬೋಗುಣಿ ಮಾತ್ರ ಆ ವಾರದಿಂದ ಬೇರೆಯಾಯಿತು.

ಇಷ್ಟು ಚೆನ್ನಾಗಿ ನಡೆದಿದ್ದ ಕೆಲಸ ಮೂರು ವರ್ಷದ ಹಿಂದೆ ನಿಂತೇಹೋಗುವುದಿತ್ತು.

ಮೂಡಲಗಿಯ ಗುರುಪಾದ ಎಂಟು ಜನರ ಒಂದು ಸಣ್ಣ ಆರ್ಕೆಸ್ಟ್ರಾ ಕಟ್ಟಿಕೊಂಡಿದ್ದಾರೆ. ಮೂವತ್ತೈದರ ಆಸುಪಾಸಿನ ಗುರುಪಾದರಿಗೆ ಪೆನ್‌ಡ್ರೈವಿನ ಸಂಗೀತ ಸೇರುವುದಿಲ್ಲ. ಹಾಡಿದರೆ ಎಲ್ಲ ವಾದ್ಯವೂ ಕಣ್ಣೆದುರೇ ನುಡಿಯಬೇಕು ಎಂಬ ಹಟ. ಅವರು ಗುಡುಸಾಬರಿಂದ ಒಂದು ಬೇಸ್ ಕೊಂಡುಹೋಗಿ ಅದೇ ವಾರ ಒಂದು ಮದುವೆಯ ಕಾರ್ಯಕ್ರಮದಲ್ಲಿ ಬಾರಿಸಿದರು. ಮೂರನೆಯ ತಂತಿ ಒಂದು ಜಾಗದಲ್ಲಿ ಮುಚ್ಚಿದ ಡಬ್ಬಿಯೊಳಗಿನ ಜೇನುಹುಳದ ಹಾಗೆ ಗುರುಗುಟ್ಟತೊಡಗಿತು. ದೊಡ್ಡ ಸ್ಪೀಕರಿನಲ್ಲಿ ಆ ಸದ್ದು ಇನ್ನೂ ದೊಡ್ಡದಾಗಿ, ಮುಂದಿನ ಸಾಲಿನವರು ನಕ್ಕರು. ಗುರುಪಾದ ಅರ್ಧಕ್ಕೇ ಬೇಸ್ ಕೆಳಗಿಟ್ಟರು.

ಮರುದಿನ ಬೆಳಿಗ್ಗೆ ಅವರು ಅಂಗಡಿಗೆ ಬಂದರು. ಸಿಟ್ಟು ಮಾಡಲಿಲ್ಲ. ಗಾದಿಯ ಮೇಲೆ ಕೂತು, ಅದೇ ತಂತಿಯನ್ನು ಅದೇ ಜಾಗದಲ್ಲಿ ಒತ್ತಿ ಮೀಟಿ ತೋರಿಸಿದರು.

“ಕೇಳಸ್ತಲ್ರಿ ಕಾಕಾ?” ಎಂದು ಕೇಳಿದರು.

ಗುಡುಸಾಬರಿಗೆ ಏನೂ ಕೇಳಿಸಿರಲಿಲ್ಲ. “ಹೂಂ, ಕೇಳಸ್ತು. ಮಾಡಿ ಕೊಡ್ತೇನಿ ಬಿಡು” ಎಂದರು.

ಅವರು ನನಗೆ ಹೇಳಿದ ಸಂಗತಿಗಳಲ್ಲಿ ತಲೆ ತಗ್ಗಿಸಿ ಹೇಳಿದ್ದು ಇದೊಂದನ್ನೇ. “ಇಷ್ಟು ವರ್ಷದಾಗ ಗಿರಾಕಿಗೆ ನಾ ಹೇಳಿದ ಸುಳ್ಳು ಅದೊಂದರಿ. ಹೆದರಿದ್ನಿ. ಕಿವಿ ಹೋತಂದ್ರ ಇನ್ನೇನು ಉಳೀತು ಅಂತ.” ಕಿವಿ ಮಂದವಾಗುತ್ತಿರುವುದು ಅವರಿಗೆ ಗೊತ್ತೇ ಇತ್ತು. ಮನೆಯಲ್ಲಿ ಟಿವಿಯ ದನಿ ಏರುತ್ತ ಹೋಗಿತ್ತು, ಜರೀನಾಬಿ ಎರಡೆರಡು ಸಲ ಕರೆಯಬೇಕಾಗುತ್ತಿತ್ತು. ಆದರೆ ಕೆಲಸಕ್ಕೆ ಬೇಕಾದಷ್ಟು ಉಳಿದಿದೆ ಎಂದು ತಮಗೆ ತಾವೇ ಹೇಳಿಕೊಂಡಿದ್ದರು. ಮೂರು ದಿನ ಆ ಬೇಸನ್ನು ಹಿಡಿದು ಕೂತರು. ಎಲ್ಲ ಪಟ್ಟಿಗಳೂ ಕಣ್ಣಿಗೆ ಸಮನಾಗಿಯೇ ಕಂಡವು. ನಾಲ್ಕನೆಯ ದಿನ ಮೂಡಲಗಿಯ ಬಸ್ಸು ಹತ್ತಿ ಹೋಗಿ ಗುರುಪಾದರಿಗೆ ಅವರ ಹಣ ವಾಪಸ್ ಕೊಟ್ಟು ಬಂದರು. ಕಾರಣ ಹೇಳಲಿಲ್ಲ.

ಬೆಳಗಾವಿಯ ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಹದಿನೇಳು ವರ್ಷದ ಸ್ಪೀಕರು, ಅದರ ಮೇಲೆ ಅಷ್ಟೇ ವರ್ಷದ ಅರಳೆ ಮಷಿನ್ ಎರಡೂ ಸೇರಿ ಹೀಗಾಗಿದೆ, ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಿ ಎಂದರು. ಮಷಿನ್ ಮುಂದೆ ಕೂರುವಾಗ ಕಿವಿ ಮುಚ್ಚುವ ದಪ್ಪ ಮುಚ್ಚಳ ಕೊಟ್ಟರು. ಊರಿಗೆ ಬಂದ ಗುಡುಸಾಬರು ಕಾನಸು, ಅಂಟು, ಸೋಲ್ಡರು, ಸುತ್ತಿಟ್ಟ ತಂತಿ ಎಲ್ಲವನ್ನೂ ಒಂದು ಅರಳೆ ಚೀಲಕ್ಕೆ ತುಂಬಿ ಬಾಯಿ ಹೊಲಿದರು. ಮಾರದೆ ಉಳಿದ ಐದು ಬೇಸ್‌ಗಳ ಮೇಲೆ ಗಾದಿ ಪೇರಿಸಿದರು. ಐದು ತಿಂಗಳು ಅಂಗಡಿಯ ಶಟರ್ ಒಂಬತ್ತಕ್ಕೇ ಎದ್ದಿತು.

ಆ ಐದು ತಿಂಗಳ ಬಗ್ಗೆ ಹೇಳಿದ್ದು ಜರೀನಾಬಿ. ನಸುಕಿನಲ್ಲಿ ಎಚ್ಚರವಾದರೂ ಎದ್ದೇಳದೆ ಮಲಗಿರುತ್ತಿದ್ದರಂತೆ. ಚಹಾ ಕೊಟ್ಟರೆ ಕುಡಿಯುತ್ತಿದ್ದರು, ಮಾತು ಕೇಳಿದರೆ ಕೇಳದವರಂತೆ ಇರುತ್ತಿದ್ದರು. “ಕಿವಿ ಕೇಳದ್ದಕ್ಕೋ, ಮನಸಿಲ್ಲದ್ದಕ್ಕೋ ನನಗ ತಿಳೀಲಿಲ್ಲರಿ” ಎಂದರು ಜರೀನಾಬಿ. ಹುಕ್ಕೇರಿಗೆ ಮದುವೆ ಮಾಡಿಕೊಟ್ಟ ಮಗಳು ಮಹೆಕ ಬಂದು ಎಂಟು ದಿನ ಇದ್ದು, ಅಪ್ಪನಿಗೆ ಹೇಳಿ ಹೇಳಿ ಸೋತು ಹೋದಳು. ಅಡುಗೆಮನೆಯ ಆ ಬೋಗುಣಿಯನ್ನು ಯಾರೂ ಮುಟ್ಟಲಿಲ್ಲ, ಎಸೆಯಲೂ ಇಲ್ಲ.

ಆರನೆಯ ತಿಂಗಳಿಗೆ ಗುರುಪಾದ ಮತ್ತೆ ಬಂದರು. ಬೇರೆ ಊರಿನಿಂದ ಹಳೆಯ ಬೇಸ್ ಒಂದನ್ನು ಕೊಂಡು ತಂದಿದ್ದರು. ಅದೂ ಗುರುಗುಟ್ಟುತ್ತಿತ್ತು. ರಿಪೇರಿ ಮಾಡುವವರು ಬೆಳಗಾವಿಯಲ್ಲೂ ಸಿಕ್ಕಿರಲಿಲ್ಲ. ನನ್ನಿಂದ ಆಗುವುದಿಲ್ಲ ಎಂದು ಗುಡುಸಾಬರು ಕೈ ಮುಗಿದರು. ಗುರುಪಾದ ಏಳಲಿಲ್ಲ. ಆಗ ಗುಡುಸಾಬರು, ಮನೆಯವರಿಗೂ ಡಾಕ್ಟರಿಗೂ ಬಿಟ್ಟು ಬೇರೆ ಯಾರಿಗೂ ಹೇಳದಿದ್ದ ಕಿವಿ ಹೋದ ಮಾತನ್ನು ಹೇಳಿಬಿಟ್ಟರು.

ಗುರುಪಾದ ತಾವು ತಂದ ಬೇಸನ್ನು ಇಬ್ಬರ ನಡುವೆ ಗಾದಿಯ ಮೇಲಿಟ್ಟರು. ಆಮೇಲೆ, “ನೀವು ಕೇಳಬ್ಯಾಡ್ರಿ ಕಾಕಾ. ನಾ ಕೇಳಿ ಹೇಳ್ತೇನಿ, ನೀವು ಮಾಡ್ರಿ” ಎಂದರು.

ಹೊಲಿದ ಚೀಲದ ಬಾಯಿಯನ್ನು ಜರೀನಾಬಿ ಕತ್ತರಿಸಿಕೊಟ್ಟರು. ಇಬ್ಬರೂ ಗಾದಿಯ ಮೇಲೆ ಎದುರುಬದುರು ಕೂತರು. ಗುರುಪಾದ ಮೀಟುವುದು, ಇಲ್ಲಿ ಎನ್ನುವುದು; ಗುಡುಸಾಬರು ಉಜ್ಜುವುದು. ಗುರುಗುಟ್ಟುವುದು ಒಂದು ಕಡೆ ಹೋಗಿ ಇನ್ನೊಂದು ಕಡೆ ಏಳುತ್ತಿತ್ತು. ಹತ್ತು ಗಂಟೆಯಾದರೂ ಅಂಗಡಿಯ ಮಷಿನ್ ಸುರುವಾಗಲಿಲ್ಲ. ಕೊನೆಗೆ ಪಟ್ಟಿಗಳ ಸಾಲು ನೆಟ್ಟಗಿದೆಯೋ ಇಲ್ಲವೋ ನೋಡಲು ಗುಡುಸಾಬರು ಬಗ್ಗಿ, ಗದ್ದವನ್ನು ಗಿಟಾರಿನ ಮೈಮೇಲೆ ಊರಿ, ಒಂದು ಕಣ್ಣು ಮುಚ್ಚಿ ಕತ್ತಿನ ಉದ್ದಕ್ಕೂ ದೃಷ್ಟಿ ಹಾಯಿಸಿದರು. ಅದು ಗೊತ್ತಿಲ್ಲದೆ ಗುರುಪಾದ ಅದೇ ಹೊತ್ತಿಗೆ ತಂತಿ ಮೀಟಿದರು.

“ಹಲ್ಲಿನ್ಯಾಗ ಬಂತರಿ ಅದು. ಇರಿವಿ ಹರದಂಗ. ಗದ್ದದಿಂದ ಎದ್ದು ಕಪಾಳಕ್ಕ ಬಂತು. ಮತ್ತೊಂದು ಸಲ ಬಾರಸು ಅಂದೆ. ಮತ್ತ ಬಂತು. ಬಾಜೂ ಪಟ್ಟಿ ಹಿಡಿ ಅಂದೆ. ಬರಲಿಲ್ಲ. ಹಿಂದಿಂದು ಹಿಡಿ ಅಂದೆ, ಬಂತು. ನಾ ತಲಿ ಎತ್ತದ ಎಲ್ಲಾ ಪಟ್ಟಿನೂ ಬಾರಸಿಸಿದೆ. ಯಾವುದು ಎದ್ದೈತಿ ಅನ್ನೂದು ಕಣ್ಣಿಗೆ ಕಂಡಂಗ ಕಂಡಿತು.”

ಕತ್ತು ಮೈಗೆ ಕೂಡುವ ಜಾಗದಲ್ಲಿ ಒಂದು ಪಟ್ಟಿ ಕೂದಲೆಳೆಯಷ್ಟು ಮೇಲೆದ್ದಿತ್ತು. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಆಮೇಲೆ ಗುಡುಸಾಬರು ಗಾದಿಗಳನ್ನು ಇಳಿಸಿ, ಅಡಿಯಲ್ಲಿದ್ದ ಐದೂ ಬೇಸ್‌ಗಳನ್ನು ಒಂದೊಂದಾಗಿ ಗದ್ದಕ್ಕೆ ಹಚ್ಚಿ ನೋಡಿದರು. ಅವುಗಳಲ್ಲಿ ಮೂಡಲಗಿಯಿಂದ ವಾಪಸ್ ಬಂದದ್ದೂ ಇತ್ತು. ಅದರ ದೋಷವೂ ಸಿಕ್ಕಿತು. ಅದನ್ನು ಸರಿಮಾಡಿ ಗುರುಪಾದರ ಕೈಗಿಟ್ಟರು. ಗುರುಪಾದ ಅಂದು ಬಂದದ್ದು ಒಂದು ಬೇಸ್ ತೆಗೆದುಕೊಂಡು, ಹೋದದ್ದು ಎರಡು ತೆಗೆದುಕೊಂಡು.

ಮುಂದಿನ ವಾರ ಮಹೆಕ ಹುಕ್ಕೇರಿಯಿಂದ ಬಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಗಡಿಯಲ್ಲಿ ತೂಗುಹಾಕಿದಳು. ‘ನನಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಬೇಸ್ ಬಾರಿಸಿ ನೋಡಿ ತಗೊಳ್ರಿ. ಒಂದು ತಿಂಗಳೊಳಗೆ ತೊಂದರೆ ಕಂಡರೆ ವಾಪಸ್ ತರ್ರಿ.’ ಹೀಗೆ ಬರೆಯಲು ಹೇಳಿದ್ದು ಗುಡುಸಾಬರೇ. ಗಿರಾಕಿಗಳು ಕಡಿಮೆಯಾಗಬಹುದು ಎಂದು ಮಗಳು ಅಂಜಿದ್ದಳು. ಹಾಗೇನೂ ಆಗಲಿಲ್ಲ. ಅಂದಿನಿಂದ ಇಲ್ಲಿಯವರೆಗೆ ವಾಪಸ್ ಬಂದಿರುವುದು ಎರಡೇ ಎರಡು. ಒಂದರಲ್ಲಿ ನಿಜವಾಗಿಯೂ ವೈರು ಸಡಿಲಾಗಿತ್ತು. ಇನ್ನೊಂದನ್ನು ತಂದವರ ಮನೆಯವರಿಗೆ ಅದರ ಬಣ್ಣ ಸೇರಿರಲಿಲ್ಲ. ಅದನ್ನೂ ತಗೊಂಡರು.

ಇದರಿಂದ ಬರುವ ಆದಾಯ ಎಷ್ಟು ಎಂದು ಕೇಳಿದೆ. ಮನೆಯ ಖರ್ಚು ಗಾದಿಯಿಂದ ನಡೆಯುತ್ತದೆ, ಬೇಸ್‌ನಿಂದ ಬಂದದ್ದು ಮತ್ತೊಂದು ಬೇಸ್ ತರಲು ಸರಿಹೋಗುತ್ತದೆ ಎಂದರು. ಹೇಳುವಾಗ ದನಿಯಲ್ಲಿ ಕೊರಗು ಇರಲಿಲ್ಲ. ಯಾರಾದರೂ ಸಾಲದು ಎಂದರೆ ಆಶ್ಚರ್ಯಪಡುವವರಂತೆ ಕಂಡರು.

ಏಳು ಗಂಟೆಯಾಗುತ್ತದೆ. ಕೆಂಪು ಬೇಸಿನ ಏಳನೆಯ ಪಟ್ಟಿ ಈಗ ಸರಿಯಾಗಿದೆ. ಗುಡುಸಾಬರು ಮೊದಲ ಸಲ ಅದನ್ನು ಸ್ಪೀಕರಿಗೆ ಹಚ್ಚಿ, ದನಿ ಕಡಿಮೆ ಇಟ್ಟು, ಯಾವುದೋ ಹಳೆಯ ನಡಿಗೆಯೊಂದನ್ನು ನುಡಿಸುತ್ತಾರೆ. ಹಾಡು ಇಲ್ಲದಿದ್ದರೂ ಕಾಲು ತಾನಾಗಿ ತಾಳ ಹಾಕುತ್ತದೆ. ದಪ್ಪ ಬೆರಳುಗಳು ತಂತಿಯಿಂದ ತಂತಿಗೆ ಅವಸರವಿಲ್ಲದೆ ದಾಟುತ್ತವೆ. ಜರೀನಾಬಿ ಒಳಗಿನಿಂದ ಮೂರು ಲೋಟ ಚಹಾ ತಂದು, ಅರಳೆ ಚೀಲಕ್ಕೆ ಒರಗಿ ತಾವೂ ಕೂರುತ್ತಾರೆ.

ಬರುವ ತಿಂಗಳು ಮೂಡಲಗಿಯಲ್ಲಿ ಗುರುಪಾದರ ಆರ್ಕೆಸ್ಟ್ರಾಕ್ಕೆ ಹತ್ತು ವರ್ಷ ತುಂಬುತ್ತದೆ. ದೊಡ್ಡ ಕಾರ್ಯಕ್ರಮ ಇಟ್ಟುಕೊಂಡಿದ್ದಾರೆ. ಸುತ್ತಲಿನ ಊರುಗಳಿಂದ ಆರು ಮಂದಿ ಬೇಸ್ ಬಾರಿಸುವವರು ಬರುತ್ತಾರೆ. ಆರೂ ಬೇಸ್ ಇದೇ ಗಾದಿಯ ಮೇಲೆ ತಯಾರಾದವು. ಗುಡುಸಾಬರಿಗೆ ಶಾಲು ಹೊದಿಸಿ ಸನ್ಮಾನ ಮಾಡಬೇಕೆಂದು ಗುರುಪಾದ ಹಟ ಹಿಡಿದರಂತೆ. ಇವರು ಬೇಡ ಎಂದರು. ಬದಲಿಗೆ ಬೇರೆಯದನ್ನು ಕೇಳಿದ್ದಾರೆ.

“ಎರಡು ಖುರ್ಚಿ ಇಡಸಂತ ಹೇಳೇನ್ರಿ. ಹದಿನೇಳು ವರ್ಷ ಸ್ಟೇಜಿನ ಮ್ಯಾಲೆ ಹಿಂದ ನಿಂತೇನಿ. ಮಂದ್ಯಾಗ ಕುಂತು ಒಂದೂ ಪ್ರೋಗ್ರಾಮ್ ಪೂರಾ ನೋಡಿಲ್ಲ. ಈಕಿನೂ ನೋಡಿಲ್ಲ. ಮುಂದಿನ ಸಾಲಿನ್ಯಾಗ ಇಬ್ಬರೂ ಕುಂತು ಸುರುವಿಂದ ಕಡೀತನಕ ನೋಡಬೇಕು. ಮತ್ತೇನೂ ಬ್ಯಾಡ” ಎನ್ನುತ್ತಾರೆ ಅವರು.

ಜರೀನಾಬಿ ಲೋಟ ಕೆಳಗಿಟ್ಟು, ಗಂಡನ ಎಡಗಿವಿಯ ಕಡೆ ಸರಿದು ಕೂರುತ್ತಾರೆ.

“ಮುಂದ ಬ್ಯಾಡ. ಹಿಂದ ಕುಂಡ್ರೂಣು” ಎನ್ನುತ್ತಾರೆ. ಯಾಕೆ ಎಂಬಂತೆ ಗುಡುಸಾಬರು ಅವರ ಮುಖ ನೋಡುತ್ತಾರೆ. “ದೂರಕ್ಕ ಬರೂದು ಬೇಸಿನ ದನಿ ಒಂದ. ನೀವು ಊರಾಗ ಪ್ರೋಗ್ರಾಮ್ ಮಾಡಿದಾಗೆಲ್ಲ ನಾ ಮನ್ಯಾಗ ಕುಂತು ಕೇಳೇನಿ. ಹಾಡು ಯಾವುದಂತ ಒಂದೂ ತಿಳೀತಿದ್ದಿಲ್ಲ. ನೀವು ಬಾರಸಾಕತ್ತೀರಿ ಅನ್ನೂದಷ್ಟ ಗೊತ್ತಾಗತಿತ್ತು.”